ಹುಲಿಯ ತೊಗಲು, ದನದ ತೊಗಲು

1

ಎರಡು ವರ್ಷದ ಹಿಂದೆ ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಪಾಠ ಹೇಳುವ ಕಾಲೇಜು ವಿಜಯನಗರದ ಕಡೆ, ಬಸ್ಸಿಗೆ ಅನುಕೂಲವಾಗಲಿ ಅಂತ. ಒಂದು ಮನೆಯ ಮಾಲೀಕರು ಬಲು ಗೌರವದಿಂದ ಒಳಗೆ ಕರೆದು ಕೂರಿಸಿದರು. ಉಪನ್ಯಾಸಕ ಅಂದರೆ ಈಗಲೂ ಒಂದಷ್ಟು ಮರ್ಯಾದೆ ಇದೆ. ಹಾಲ್‌ನ ಗೋಡೆಯ ಮೇಲೆ, ದೇವರ ಫೋಟೋಗಳಿಗಿಂತ ಒಂದು ಮೊಳ ಎತ್ತರದಲ್ಲಿ, ಒಂದು ಚಿರತೆಯ ತಲೆ. ಬಾಯಿ ತೆರೆದು ಹಲ್ಲು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ನೋಡಿ, ತಪ್ಪು ತಿಳ್ಕೋಬೇಡಿ. ನಮ್ಮದು ಶುದ್ಧವಾದ ಮನೆ. ನೀವು ನಾನ್‌ವೆಜ್ ಏನೂ ಮಾಡೋದಿಲ್ಲ ತಾನೆ?" ಅಂದರು.

ನಾನು ತಲೆ ಎತ್ತಿ ಚಿರತೆಯನ್ನು ನೋಡಿದೆ. ಅದು ಉತ್ತರ ಅಂತ ಅವರಿಗೆ ತಿಳಿಯಲಿಲ್ಲ. ಕುತೂಹಲ ಅಂತ ತಿಳಿದರು. "ಅದಾ? ನಮ್ಮ ತಂದೆಯವರ ಕಾಲದ್ದು. ಸರ್ವಿಸಿನಲ್ಲಿದ್ದಾಗ ಯಾರೋ ಕೊಟ್ಟದ್ದು. ಮೈಸೂರಿನ ವ್ಯಾನ್ ಇಂಗನ್ ಕೆಲಸ. ಇವತ್ತಿಗೂ ಒಂದು ಕೂದಲು ಉದುರಿಲ್ಲ. ಆರ್ಟ್ ಸ್ವಾಮಿ ಅದು, ಆರ್ಟ್!" ಅಂದರು. ಆಮೇಲೆ ಊರು ಯಾವುದು, ತಂದೆ ಏನು ಮಾಡ್ತಾರೆ, ನಿಮ್ಮದು ಯಾವ ಪೈಕಿ ಅಂತ ಕೇಳಿದರು. ಹೇಳಿದೆ. ಇನ್ನೊಬ್ಬರು ಆಗಲೇ ಅಡ್ವಾನ್ಸ್ ಕೊಡ್ತೀನಿ ಅಂದಿರೋದು ಅವರಿಗೆ ಆಗ ನೆನಪಾಯಿತು.

ಈ ಬರಹ ಆ ಮನೆ ಸಿಗದ್ದರ ಬಗ್ಗೆ ಅಲ್ಲ. ಇಂಥ ಮನೆಗಳು ನಮಗೆ ಹೊಸದಲ್ಲ. ಸತ್ತ ಪ್ರಾಣಿಯ ತಲೆಯೊಂದು ದೇವರ ಪಟಕ್ಕಿಂತ ಮೇಲೆ ಕೂತ ಮನೆ ಶುದ್ಧವಾಗಿಯೇ ಉಳಿಯುತ್ತದೆ. ಸತ್ತ ಪ್ರಾಣಿಯ ಚರ್ಮ ಸುಲಿದವನ ಮೊಮ್ಮಗ ಎಮ್ಮೆಸ್ಸೋ ಎಮ್ಮೆಯೋ ಮಾಡಿ ಬಂದರೂ ಆ ಶುದ್ಧ ಕೆಡುತ್ತದೆ. ಇದು ಹೇಗೆ ಸಾಧ್ಯವಾಯಿತು? ಇದಕ್ಕೊಂದು ಚರಿತ್ರೆ ಇರಬೇಕು. ಅದನ್ನು ಹುಡುಕುವುದು ಇಲ್ಲಿನ ಉದ್ದೇಶ.

2

ವ್ಯಾನ್ ಇಂಗನ್ ಮನೆತನ ಡಚ್ ಮೂಲದ್ದು. ಯುಜೀನ್ ವ್ಯಾನ್ ಇಂಗನ್ 1900ರ ಸುಮಾರಿಗೆ ಮೈಸೂರಿನಲ್ಲಿ ಈ ಉದ್ಯಮ ಶುರುಮಾಡಿದ. ಆಗ ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರ್ ಜನ ಇಂಗ್ಲಿಷರ ವಿರುದ್ಧ ಯುದ್ಧ ಮಾಡುತ್ತಿದ್ದರು. ಯುಜೀನ್ ತನ್ನ ಮಕ್ಕಳಿಗೆ ಬೋಥಾ, ಡಿ ವೆಟ್, ಜೂಬರ್ ಅಂತ ಆ ಯುದ್ಧದ ಸೇನಾನಿಗಳ ಹೆಸರನ್ನೇ ಇಟ್ಟ. ಇನ್ನೊಬ್ಬ ಮಗ ಹೆನ್ರಿ. ಹೆಸರಿನಲ್ಲಿ ಇಂಗ್ಲಿಷರ ವಿರೋಧಿಗಳು, ಕಸುಬಿನಲ್ಲಿ ಇಂಗ್ಲಿಷ್ ದೊರೆಗಳ ಮತ್ತು ದೇಶೀ ರಾಜರ ಸೇವೆ!

ಮೈಸೂರು ಯಾಕೆ ಅನ್ನುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಒಂದು ಕಡೆ ಬಂಡೀಪುರ, ಕಾಕನಕೋಟೆಯ ಕಾಡು. ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ದಕ್ಷಿಣಕ್ಕೆ ನೀಲಗಿರಿ, ಪಶ್ಚಿಮಕ್ಕೆ ಕೊಡಗು, ವೈನಾಡು. ನಡುವೆ ಅರಮನೆ, ರೈಲು, ಪ್ಲಾಂಟರುಗಳು, ಅತಿಥಿಗಳಾಗಿ ಬರುವ ವೈಸರಾಯ್‌ಗಳು. ಬೆಟ್ಟದ ಬುಡದ ಹಳ್ಳಿಗಳಲ್ಲಿ ಬಿದ್ದ ಹುಲಿಗಳಷ್ಟೇ ಅಲ್ಲ, ಇಡೀ ಉಪಖಂಡದಲ್ಲಿ ಬಿದ್ದ ಹುಲಿಗಳ ತೊಗಲು ಉಪ್ಪು ಹಚ್ಚಿಸಿಕೊಂಡು ಮೈಸೂರಿಗೆ ಬರತೊಡಗಿತು. ಈ ಕಾರ್ಖಾನೆಯ ಬಗ್ಗೆ ಪುಸ್ತಕ ಬರೆದಿರುವ ಇಂಗ್ಲೆಂಡಿನ ಪ್ಯಾಟ್ ಮಾರಿಸ್ ಕೊಡುವ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ: ಹುಲಿ ಮತ್ತು ಚಿರತೆ ಎರಡೇ ಸೇರಿ 43,000ಕ್ಕೂ ಮೇಲೆ. ಒಂದೇ ಊರಿನ ಒಂದೇ ಕಾರ್ಖಾನೆಯಲ್ಲಿ! ಉಚ್ಛ್ರಾಯದ ಕಾಲದಲ್ಲಿ ಅಲ್ಲಿ ನೂರೈವತ್ತರಷ್ಟು ಜನ ಕೆಲಸ ಮಾಡುತ್ತಿದ್ದರು. ಸಾವಿರಕ್ಕೂ ಹೆಚ್ಚು ಹುಲಿ ಹೊಡೆದೆ ಅಂತ ಸರ್ಗುಜಾದ ಮಹಾರಾಜ ಹೇಳಿಕೊಳ್ಳುತ್ತಿದ್ದ ಕಾಲ ಅದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ನಿಂತ ಮೇಲೆ ಬೇಟೆಯನ್ನು ಗೋಡೆಗೆ ಏರಿಸುವ ಕಸುಬಿಗೆ ಉಳಿಗಾಲವಿರಲಿಲ್ಲ. ಹಳೆಯದರ ದುರಸ್ತಿ, ಸಣ್ಣಪುಟ್ಟ ಕೆಲಸ ಅಂತ ಎಳೆದಾಡಿ 1999ರಲ್ಲಿ ಕಾರ್ಖಾನೆ ಮುಚ್ಚಿತು. ಕೊನೆಯ ಮಗ ಜೂಬರ್ ವ್ಯಾನ್ ಇಂಗನ್ ನೂರು ವರ್ಷ ತುಂಬಿಸಿ 2013ರಲ್ಲಿ ತೀರಿಕೊಂಡ. ಇಂಗ್ಲೆಂಡಿನ ಪತ್ರಿಕೆಗಳಲ್ಲೂ ಅವನ ಬಗ್ಗೆ ಬರೆದರು.

ಇಷ್ಟು ಚರಿತ್ರೆ ಸುಲಭವಾಗಿ ಸಿಗುತ್ತದೆ. ಹಲಗೆಗೆ ಅಂಟಿಸಿದ ಚೀಟಿಯಲ್ಲಿ ಕಂಪನಿಯ ಹೆಸರಿದೆ. ಹೊಡೆದ ದೊರೆಯ ಹೆಸರು, ತಾರೀಖು, ಕಾಡಿನ ಹೆಸರು ಇರುವುದೂ ಉಂಟು. ಆದರೆ ಹುಲಿ ಬಿದ್ದ ಜಾಗಕ್ಕೂ ಮೈಸೂರಿನ ರೈಲಿಗೂ ನಡುವೆ ಒಂದು ರಾತ್ರಿ ಇದೆಯಲ್ಲ, ಆ ರಾತ್ರಿ ಯಾರದ್ದು? ನಮ್ಮ ಚರಿತ್ರೆ ಅಡಗಿರುವುದು ಆ ರಾತ್ರಿಯಲ್ಲಿ.

3

ನನ್ನ ತಾತನ ಊರು ಬಂಡೀಪುರದ ಕಾಡಂಚಿನದು. ಅವರದ್ದು ಮಾದಿಗರ ಕೇರಿ. ಹದಿನೆಂಟು ಇಪ್ಪತ್ತು ವಯಸ್ಸಿನಲ್ಲಿದ್ದಾಗ, ಅಂದರೆ ಐವತ್ತರ ದಶಕದಲ್ಲಿ, ಶಿಕಾರಿಗೆ ಬಂದವರು ಹುಲಿ ಹೊಡೆದರೆ ಕೇರಿಗೆ ಆಳು ಬರುತ್ತಿತ್ತಂತೆ. ತಾತನೂ ಅವರಪ್ಪನೂ ಲಾಟೀನು ಹಿಡಿದುಕೊಂಡು ಹೋಗುತ್ತಿದ್ದರು. ಬೆಳಗಿನ ತನಕ ಕಾಯುವ ಹಾಗಿಲ್ಲ. ನಮ್ಮ ಸೀಮೆಯ ಸೆಕೆಗೆ ಹೆಣ ಬೇಗ ಕೆಡುತ್ತದೆ, ಹೊಟ್ಟೆಯ ಕಡೆ ಕೂದಲು ಕಿತ್ತು ಬರತೊಡಗುತ್ತದೆ. ಒಮ್ಮೆ ಕೂದಲು ಬಿಟ್ಟ ತೊಗಲನ್ನು ಯಾವ ವ್ಯಾನ್ ಇಂಗನ್ನೂ ಸರಿಮಾಡಲಾರ.

ತಾತ ಹೇಳುತ್ತಿದ್ದುದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಉಲಿ ಸುಲಿಯೋದು ಅಂದ್ರೆ ದನ ಸುಲ್ದಂಗಲ್ಲ ಕನ್ ಮಗ. ಮೈ ಏನೋ ಸುಲ್ದುಬುಡಬೋದು. ಮೂತಿ ತಾವ, ಕಣ್ರೆಪ್ಪೆ ತಾವ, ಕಿವಿ ತಾವ, ಪಂಜದ್ ಬೆಳ್ಳು ತಾವ ಕತ್ತಿ ಒಂದೆಳೆ ಆಚೀಚೆ ಆದ್ರೂ ದೊರೆ ಗುಂಡಿಗಿಂತ ದೊಡ್ಡ ತೂತು ಬೀಳ್ತದೆ. ಆಗ ಬಯ್ಗುಳ ನಮ್ಗೆ."

ಇದು ಅನಕ್ಷರಸ್ಥನೊಬ್ಬನ ಬಡಾಯಿಯಲ್ಲ. ಟ್ಯಾಕ್ಸಿಡರ್ಮಿಯ ಯಾವ ಕೈಪಿಡಿ ತೆರೆದರೂ ಇದೇ ಮಾತಿದೆ. ತುಟಿಯನ್ನು ಒಳಗಿಂದ ಸೀಳಿ ಬಿಡಿಸಬೇಕು, ಕಿವಿಯನ್ನು ಕೈಚೀಲದ ಹಾಗೆ ಒಳಹೊರಗು ಮಾಡಬೇಕು, ರೆಪ್ಪೆಯ ಅಂಚು ಹರಿಯಕೂಡದು, ಮಾಂಸ ಮತ್ತು ಕೊಬ್ಬು ಒಂದಿಷ್ಟೂ ಉಳಿಯಕೂಡದು, ಆಮೇಲೆ ಉಪ್ಪನ್ನು ಮೂಲೆಮೂಲೆಗೆ ತಿಕ್ಕಿ ನೆರಳಿನಲ್ಲಿ ಆರಿಸಬೇಕು. ಈ ಮೊದಲ ರಾತ್ರಿಯ ಕೆಲಸ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ. ಮುಂದಿನದು ಕಾರ್ಖಾನೆಯದು: ತೊಳೆಯುವುದು, ಉಪ್ಪು ಪಟಿಕದ ನೀರಿನಲ್ಲಿ ನೆನೆಹಾಕುವುದು, ಒಳಬದಿಯನ್ನು ಕತ್ತಿಯಿಂದ ಹೆರೆದು ತೆಳುವಾಗಿಸುವುದು, ಕಾಗದದ ರೊಟ್ಟಿಯಿಂದ ಅಚ್ಚಿನಲ್ಲಿ ತೆಗೆದ ಬೊಂಬೆಯ ಮೇಲೆ ಅದನ್ನು ಹೊದಿಸುವುದು, ಗಾಜಿನ ಕಣ್ಣು ಕೂರಿಸುವುದು, ಬಾಯಿಗೆ ಬಣ್ಣ ಹಚ್ಚುವುದು. ಚರ್ಮಕ್ಕೆ ಹುಳ ಬೀಳದ ಹಾಗೆ ಪಾಷಾಣ ಬೆರೆಸಿದ ಸಾಬೂನು ತಿಕ್ಕುವುದು ಆ ಕಾಲದಲ್ಲಿ ಈ ಕಸುಬಿನ ರೂಢಿ. ಪಾಷಾಣ ಅಂದರೆ ವಿಷ. ದಿನವೂ ಅದನ್ನು ತಿಕ್ಕಿದವನ ಕೈ ಏನಾಯಿತು ಅನ್ನುವುದು ಗೋಡೆಯ ಮೇಲಿನ ಹುಲಿಯಲ್ಲಿ ಕಾಣುವುದಿಲ್ಲ.

ಹುಲಿಗಳೆಲ್ಲ ಯಾಕೆ ಬಾಯಿ ತೆರೆದೇ ಇರುತ್ತವೆ ಅನ್ನುವುದನ್ನೂ ಗಮನಿಸಬೇಕು. ಸೋವುವ ಆಳುಗಳ ತಮಟೆ ಸದ್ದಿಗೆ ಹೆದರಿ ಓಡಿ ಬಂದ ಹುಲಿಯನ್ನು ಮಚಾನಿನ ಮೇಲೆ ಕೂತವನು ಹೊಡೆದಿರುತ್ತಾನೆ. ಗೋಡೆಯ ಮೇಲೆ ಮಾತ್ರ ಅದು ಮೈಮೇಲೆ ಬೀಳಲು ಬಂದಂತೆ ಹಲ್ಲು ಕಿರಿಯಬೇಕು. ಹೆದರಿದ ಪ್ರಾಣಿಯನ್ನು ಹೆದರಿಸುವ ಪ್ರಾಣಿಯಾಗಿ ತಿದ್ದಿದರೆ ಮಾತ್ರ ಹೊಡೆದವನು ಶೂರನಾಗುತ್ತಾನೆ. ಹಾಗೆ ನೋಡಿದರೆ ಟ್ಯಾಕ್ಸಿಡರ್ಮಿ ಅಂದರೆ ಚರ್ಮ ತುಂಬುವ ವಿದ್ಯೆ ಮಾತ್ರ ಅಲ್ಲ, ಚರಿತ್ರೆ ತಿದ್ದುವ ವಿದ್ಯೆ ಕೂಡ.

ತಾತನಿಗೆ ಸಿಗುತ್ತಿದ್ದುದು ಒಂದೆರಡು ರೂಪಾಯಿ, ಜೊತೆಗೆ ಒಂದು ಡಬ್ಬ ಹುಲಿಕೊಬ್ಬು. ಕೀಲುನೋವಿಗೆ ಹಚ್ಚಲು ಊರಿನವರೆಲ್ಲ ಅದಕ್ಕೆ ಕೈಚಾಚುತ್ತಿದ್ದರಂತೆ. ಮಾದಿಗ ಕೊಟ್ಟ ನೀರು ಕುಡಿಯದವರು ಮಾದಿಗ ಕರಗಿಸಿದ ಕೊಬ್ಬನ್ನು ಮಂಡಿಗೆ ತಿಕ್ಕಿಕೊಂಡರು. ಹುಲಿಯ ಮೀಸೆ ಎಣಿಸಿಯೇ ಸುಲಿಯಲು ಬಿಡುತ್ತಿದ್ದರು. ಕಳ್ಳರು ಅಂತ ಮೊದಲೇ ತೀರ್ಮಾನವಾಗಿತ್ತಲ್ಲ!

4

ಇದೇ ಕೈ ವರ್ಷದ ಮಿಕ್ಕ ದಿನಗಳಲ್ಲಿ ಮಾಡುತ್ತಿದ್ದ ಕೆಲಸ ಯಾವುದು? ಊರಿನಲ್ಲಿ ದನ ಸತ್ತರೆ ಹೊತ್ತು ತರುವುದು, ಸುಲಿಯುವುದು, ಸುಣ್ಣದ ಗುಂಡಿಗೆ ಹಾಕಿ ಕೂದಲು ತೆಗೆಯುವುದು, ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡುವುದು, ರಂಪಿಗೆಯಿಂದ ಕೊಯ್ದು ಎಕ್ಕಡ, ಬಾರು, ಮಿಣಿ ಮಾಡಿಕೊಡುವುದು. ಪಂಪುಸೆಟ್ಟು ಬರುವ ಮುಂಚೆ ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯ ಬಾನಿಯೂ ಚರ್ಮದ್ದೇ. ಮಾದಿಗ ಹೊಲಿದ ಚರ್ಮದ ಚೀಲ ದಿನಕ್ಕೆ ನೂರು ಸಲ ಗೌಡರ ಬಾವಿಯೊಳಗೆ ಇಳಿದು ಮೇಲೆ ಬರುತ್ತಿತ್ತು. ಹೊಲಿದವನು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಅಸ್ಪೃಶ್ಯತೆ ವಸ್ತುವಿಗೆ ಅಂಟಿಕೊಂಡಿದ್ದಲ್ಲ, ಮನುಷ್ಯನಿಗೆ ಅಂಟಿಸಿದ್ದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಉಪ್ಪು ಅದೇ, ಕತ್ತಿ ಅದೇ, ನಾತ ಅದೇ. ದನದ ತೊಗಲಿನ ಹತ್ತಿರ ಇದ್ದಾಗ ಅದು ಹೊಲಸು. ಹುಲಿಯ ತೊಗಲಿನ ಮೇಲೆ ಯುರೋಪಿನ ಹೆಸರಿನ ಚೀಟಿ ಬಿದ್ದಾಗ ಕಲೆ. ನಮ್ಮ ಭಾಷೆಯೂ ಇದನ್ನು ಒಪ್ಪಿಕೊಂಡಿದೆ. ಟ್ಯಾಕ್ಸಿಡರ್ಮಿಗೆ ಪುಸ್ತಕದ ಕನ್ನಡ 'ಚರ್ಮ ಪ್ರಸಾಧನ' ಅನ್ನುತ್ತದೆ. ಪ್ರಸಾಧನ ಅಂದರೆ ಅಲಂಕಾರ. ನಮ್ಮ ಕೇರಿಯ ಕಸುಬಿನ ಹೆಸರು ಮಾತ್ರ ಬೈಗುಳವಾಗಿ ಉಳಿಯಿತು. ಹುಲಿ ಚರ್ಮದ ಮೇಲೆ ಋಷಿ ಕೂರಬಹುದು, ಶಿವ ಉಡಬಹುದು. ಅದನ್ನು ಸುಲಿದವನು ಯಾರು ಅಂತ ಯಾವ ಪುರಾಣವೂ ಕೇಳುವುದಿಲ್ಲ.

ಕೇಳಿದವರು ಇದ್ದರು. ಶರಣರಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಅವರು ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡು ಕೂತರು. ಡೋಹರ ಅಂದರೆ ಚರ್ಮ ಹದ ಮಾಡುವವನು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಅನ್ನುವ ಐತಿಹ್ಯವನ್ನು ಭಕ್ತಿಯ ಕಥೆ ಅಂತ ಮಾತ್ರ ಹೇಳಿಕೊಂಡು ಬಂದಿದ್ದೇವೆ. ಅದನ್ನು ಕಸುಬಿನ ಕಡೆಯಿಂದಲೂ ಓದಬೇಕು. ತನ್ನ ವಿದ್ಯೆಯನ್ನು ತನ್ನ ಮೈಮೇಲೇ ಪ್ರಯೋಗಿಸುವ ಆ ಕಥೆ, ಮನುಷ್ಯನ ಚರ್ಮಕ್ಕೂ ಪ್ರಾಣಿಯ ಚರ್ಮಕ್ಕೂ ಮೇಲುಕೀಳು ಹಚ್ಚುವ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ. ಆ ಬಸವೇಶ್ವರನ ಹೆಸರಿನ ಬಡಾವಣೆಯಲ್ಲೇ ನನಗೆ ಮನೆ ಸಿಗಲಿಲ್ಲ ಅನ್ನುವುದನ್ನು ಮತ್ತೆ ಹೇಳುವುದಿಲ್ಲ.

5

ಸಾಹಿತ್ಯದ ಕಡೆ ಬರೋಣ. ಕನ್ನಡದಲ್ಲಿ ಬೇಟೆಯ ಬರವಣಿಗೆಗೆ ದೊಡ್ಡ ಓದುಗ ವರ್ಗವಿದೆ. ಕೆನೆತ್ ಆಂಡರ್ಸನ್ನನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಅಂತ ಕನ್ನಡಕ್ಕೆ ತಂದರು. ನಾನೂ ಹೈಸ್ಕೂಲಿನಲ್ಲಿ ನಿದ್ದೆಗೆಟ್ಟು ಓದಿದವನೇ. ಅದರಲ್ಲಿ ಮುನಿಶಾಮಿ ಮತ್ತು ಮಾಗಡಿ ಚಿರತೆಯ ಕಥೆ ನಮ್ಮ ಪಶ್ಚಿಮ ಬೆಂಗಳೂರಿನವರಿಗೆ ಹತ್ತಿರದ್ದು. ಕಾಮಾಕ್ಷಿಪಾಳ್ಯದ ಟ್ರಾಫಿಕ್ಕಿನಲ್ಲಿ ನಾವು ದಿನವೂ ನಿಲ್ಲುವ ಮಾಗಡಿ ರಸ್ತೆ ಮುಂದೆ ಹೋಗುವುದು ಆ ಚಿರತೆಗಳ ಸೀಮೆಗೇ. ಶಿಕಾರಿ ಮಾಡಿಸಿಕೊಡ್ತೀನಿ ಅಂತ ಸಾಹೇಬರಿಂದ ದುಡ್ಡು ಗಿಟ್ಟಿಸುವ ಮುನಿಶಾಮಿಯನ್ನು ಓದಿ ನಾವೆಲ್ಲ ನಕ್ಕಿದ್ದೇವೆ. ಈಗ ಓದಿದರೆ ನಗುವಿನ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಕಾಡು, ಕೋವಿ, ಕಾನೂನು ಮೂರೂ ಸಾಹೇಬರ ಕೈಲಿರುವಾಗ ಮುನಿಶಾಮಿಗೆ ತಂತ್ರವಲ್ಲದೆ ಇನ್ನೇನು ಉಳಿದಿತ್ತು?

ಬೇಟೆಯ ಕಥೆಗಳು ಬಹುಮಟ್ಟಿಗೆ ಈಡು ಹೊಡೆದಲ್ಲಿಗೆ ಮುಗಿಯುತ್ತವೆ. ಹುಲಿ ಬಿತ್ತು, ಊರು ನಿಟ್ಟುಸಿರು ಬಿಟ್ಟಿತು, ಕಥೆ ಮುಗಿಯಿತು. ನಮ್ಮವರ ಕೆಲಸ ಶುರುವಾಗುವುದೇ ಆಗ. ಅಂದರೆ ಕಥೆಯ ಕಟ್ಟಡದಲ್ಲೇ ನಮ್ಮನ್ನು ಹೊರಗಿಡುವ ವ್ಯವಸ್ಥೆ ಇದೆ. ಇದು ಲೇಖಕರ ದ್ವೇಷ ಅಂತ ನಾನು ಹೇಳುತ್ತಿಲ್ಲ. ಕೋವಿ ಹಿಡಿದವನ ಕಣ್ಣಿನಿಂದ ಕಥೆ ಹೇಳಿದರೆ ಕೋವಿ ಇಳಿಸಿದ ಕೂಡಲೇ ಕಣ್ಣೂ ಮುಚ್ಚಿಕೊಳ್ಳುತ್ತದೆ, ಅಷ್ಟೆ. ದಲಿತ ವಿಮರ್ಶೆ ಮಾಡಬೇಕಾದ ಕೆಲಸವೆಂದರೆ, ಕಥೆ ಮುಗಿದ ಜಾಗದಲ್ಲಿ ಲಾಟೀನು ಹಿಡಿದು ನಿಲ್ಲುವುದು. ನಮ್ಮ ವಿಮರ್ಶೆ ಇಲ್ಲಿಯ ತನಕ ಪಾತ್ರಗಳ ಜಾತಿ ಹುಡುಕುವುದರಲ್ಲಿ ಹೆಚ್ಚು ಕಾಲ ಕಳೆಯಿತು. ಕಥೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೂ ಜಾತಿ ಇದೆ.

6

1972ರ ಕಾಯ್ದೆಯನ್ನು ಕನ್ನಡಕ ಹಾಕಿಕೊಂಡು ಓದಬೇಕು. ಅದರಲ್ಲಿ ಟ್ಯಾಕ್ಸಿಡರ್ಮಿಗೆ ವ್ಯಾಖ್ಯೆ ಇದೆ, ಅದನ್ನು ಮಾಡುವವರಿಗೆ ಪರವಾನಗಿಯ ಕಲಮು ಇತ್ತು, ಮನೆಯಲ್ಲಿರುವ ತಲೆ ತೊಗಲುಗಳನ್ನು ಘೋಷಿಸಿಕೊಂಡು ಒಡೆತನದ ಪ್ರಮಾಣಪತ್ರ ಪಡೆಯುವ ದಾರಿ ಇತ್ತು. ಆಗ ಘೋಷಿಸದವರಿಗೆ 2003ರಲ್ಲಿ ಇನ್ನೊಂದು ಅವಕಾಶವನ್ನೂ ಕೊಟ್ಟರು. ಹೊಡೆದವರ ಗೋಡೆಗಳಿಗೆ ಇಷ್ಟು ಜೋಪಾನ! ಅದೇ ಕಾಯ್ದೆಯಲ್ಲಿ ಬುಡಕಟ್ಟು ಜನರ ಬೇಟೆಯ ಹಕ್ಕಿನ ಮಾತು ಬರುವುದು ನಿಕೋಬಾರ್ ದ್ವೀಪದವರಿಗೆ ಮಾತ್ರ. ನಮ್ಮ ಜೇನುಕುರುಬರು, ಕಾಡುಕುರುಬರು, ಸೋಲಿಗರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ದೊರೆಗಳಿಗೆ ಹುಲಿಯ ಹೆಜ್ಜೆ ತೋರಿಸಿದವರು ಅವರೇ. 1973ರಲ್ಲಿ ಹುಲಿ ಯೋಜನೆ ಬಂದಾಗ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಹುಲಿ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 43,000 ಹೊಡೆಸಿದವರು ಸಂರಕ್ಷಕರಾಗಿ, ಕಾಡಿನಲ್ಲಿ ಗೆಡ್ಡೆ ಅಗೆದವರು ಅಪರಾಧಿಗಳಾದ ಬಗೆ ನ್ಯಾಯವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಸಮುದಾಯದ ಹಕ್ಕು ಪಡೆಯುವುದಕ್ಕೆ 2011ರ ತನಕ ಕಾಯಬೇಕಾಯಿತು.

ಅದೇ 1973ರಲ್ಲಿ ಕರ್ನಾಟಕದಲ್ಲಿ ಇನ್ನೊಂದು ನಡೆಯಿತು. ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಭೆಯಾಯಿತು, ಕೊನೆಗೆ ಅವರು ಕುರ್ಚಿ ಬಿಡಬೇಕಾಯಿತು. ಆ ಕಿಚ್ಚಿನಿಂದ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ನೆಲ ಹದವಾಯಿತು. ಸಂಘಟನೆಯವರು ಕೇರಿಗೆ ಬಂದು, ಸತ್ತ ದನ ಹೊರುವುದನ್ನು ಬಿಡಿ ಅಂದರು. ಅಂಬೇಡ್ಕರರು 1927ರಲ್ಲಿ ಮಹಾಡ್‌ನಲ್ಲಿ ಹೇಳಿದ ಮಾತು ಐವತ್ತು ವರ್ಷಗಳ ಮೇಲೆ ನಮ್ಮ ಕೇರಿಗೆ ತಲುಪಿತು. ತಾತ ಬಿಟ್ಟರು. ಅಪ್ಪ ಬೆಂಗಳೂರಿನ ಬಸ್ಸು ಹತ್ತಿ ಫ್ಯಾಕ್ಟರಿ ಸೇರಿದರು.

ಬಿಟ್ಟವರು ಬದುಕಿದರು. ಬಿಡಲಾಗದವರ ಕಥೆ ಬೇರೆ. 2002ರಲ್ಲಿ ಹರಿಯಾಣದ ಝಜ್ಜರ್‌ನಲ್ಲಿ ದನದ ಚರ್ಮದ ಕಾರಣಕ್ಕೆ ಐವರು ದಲಿತರನ್ನು ಬಡಿದು ಕೊಂದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನ ಸುಲಿಯುತ್ತಿದ್ದವರನ್ನು ಅರೆಬೆತ್ತಲೆ ಮಾಡಿ, ವಾಹನಕ್ಕೆ ಕಟ್ಟಿ ಹೊಡೆದರು. ಸುಲಿಯದಿದ್ದರೆ ಊರು ನಾರುತ್ತದೆ, ಸುಲಿದರೆ ಜೀವ ಹೋಗುತ್ತದೆ. ಗುಜರಾತಿನ ದಲಿತರು ಸತ್ತ ದನಗಳನ್ನು ಸರ್ಕಾರಿ ಕಚೇರಿಯ ಮುಂದೆ ಸುರಿದು ಕೈತೊಳೆದುಕೊಂಡರು. ಕಸುಬು ಬಿಡುವುದೇ ಒಂದು ಮುಷ್ಕರವಾಗಬಲ್ಲದು ಅನ್ನುವುದನ್ನು ಅವರು ತೋರಿಸಿದರು.

7

ಕೊನೆಯದಾಗಿ ನನ್ನ ಮೇಲೆ ನಾನೇ ಹೇಳಿಕೊಳ್ಳಬೇಕಾದ ಒಂದು ಮಾತಿದೆ.

ತಾತ ಹುಲಿ ಸುಲಿದ ಕಥೆಯನ್ನು ನೂರು ಸಲ ಹೇಳಿದ್ದಾರೆ. ದನ ಸುಲಿದ ಕಥೆಯನ್ನು ಒಂದು ಸಲವೂ ಹೇಳಲಿಲ್ಲ. ಅದನ್ನು ನಾನು ಕೇಳಿದ್ದು ಅವರು ತೀರಿಕೊಂಡ ಮೇಲೆ, ಅಜ್ಜಿಯಿಂದ. ಜೀವಮಾನದಲ್ಲಿ ಸುಲಿದ ಹುಲಿ ನಾಲ್ಕೋ ಐದೋ. ಮನೆ ನಡೆಸಿದ್ದು, ಅಪ್ಪನನ್ನು ಓದಿಸಿದ್ದು ದನದ ತೊಗಲು. ಆದರೂ ನೆನಪಿಗೆ ಯೋಗ್ಯ ಅನ್ನಿಸಿದ್ದು ಹುಲಿ. ದೊರೆಯ ಗೋಡೆಯ ಲೆಕ್ಕಾಚಾರ ಕೇರಿಯ ಗುಡಿಸಿಲೊಳಗೂ ಬಂದು ಕೂತಿತ್ತು. ನಾನೇನು ಕಮ್ಮಿ? ಕಾಲೇಜಿನ ಸ್ಟಾಫ್‌ರೂಮಿನಲ್ಲಿ 'ನಮ್ಮ ತಾತ ಹುಲಿ ಸುಲೀತಿದ್ರು' ಅಂತ ಹೇಳಿ ಬೆರಗು ಗಿಟ್ಟಿಸಿದ್ದೇನೆ. ದನದ ಮಾತು ಎತ್ತಿಲ್ಲ. ಆ ಮನೆ ಮಾಲೀಕರ ಚಿರತೆ ನನ್ನ ತಲೆಯೊಳಗೂ ಒಂದು ಮೊಳೆಗೆ ನೇತುಹಾಕಿಕೊಂಡಿತ್ತು.

ಹಾಗಾದರೆ ಕಸುಬನ್ನು ಹೊಗಳಿ ಹಾಡಬೇಕೇ? ಕೆಲವು ಗೆಳೆಯರು ಹಾಗೆ ಹೇಳುತ್ತಾರೆ. ಚರ್ಮದ ಕೆಲಸ ನಮ್ಮ ಕಲೆ, ನಮ್ಮ ಸಂಸ್ಕೃತಿ, ಅದನ್ನು ಎತ್ತಿಹಿಡಿಯಬೇಕು ಅಂತ. ನನಗೆ ಇದು ಅಪಾಯದ ಮಾತಾಗಿ ಕಾಣುತ್ತದೆ. ಸುಣ್ಣದ ಗುಂಡಿಯಲ್ಲಿ ಕಾಲು ಬೆಂದವನಿಗೆ ಅದು ಸಂಸ್ಕೃತಿಯಾಗಿರಲಿಲ್ಲ. ಕಸುಬನ್ನು ಬಿಡಿ ಅಂದ ಬಾಬಾಸಾಹೇಬರು ಸರಿಯಾಗಿಯೇ ಹೇಳಿದರು. ಆದರೆ ಕಸುಬು ಬಿಡುವುದು ಬೇರೆ, ಆ ಕಸುಬಿನಲ್ಲಿದ್ದ ಅರಿವನ್ನು ಅಳಿಸಿಹಾಕುವುದು ಬೇರೆ. ಮೊದಲನೆಯದು ಬಿಡುಗಡೆ. ಎರಡನೆಯದು ನಮ್ಮ ಕೈಯಾರೆ ನಾವೇ ಮಾಡಿಕೊಳ್ಳುವ ಟ್ಯಾಕ್ಸಿಡರ್ಮಿ. ಒಳಗಿನದೆಲ್ಲ ತೆಗೆದುಹಾಕಿ ಹೊರಗಿನದನ್ನು ಮಾತ್ರ ಚೆಂದವಾಗಿ ನಿಲ್ಲಿಸುವುದು.

ಈ ಸಂಚಿಕೆ ಓದುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮ್ಯೂಸಿಯಮ್ಮಿನಲ್ಲೋ, ಅರಮನೆಯಲ್ಲೋ, ಯಾರದೋ ಹಾಲ್‌ನಲ್ಲೋ ಇಂಥ ತಲೆ ಕಂಡರೆ ಕಿವಿಯ ಬುಡ, ತುಟಿಯ ಅಂಚು ನೋಡಿ. ಅಲ್ಲಿ ಚರ್ಮ ಹರಿಯದೆ ಉಳಿದಿದ್ದರೆ ಅದು ಲಾಟೀನಿನ ಬೆಳಕಿನಲ್ಲಿ ಆದ ಕೆಲಸ. ಊರಿಗೆ ಹೋದಾಗ ಹಿರಿಯರನ್ನು ಹುಲಿಯ ಬಗ್ಗೆ ಕೇಳಿ, ಖುಷಿಯಿಂದ ಹೇಳುತ್ತಾರೆ. ಆಮೇಲೆ ದನದ ಬಗ್ಗೆಯೂ ಕೇಳಿ. ಸುಮ್ಮನಾಗುತ್ತಾರೆ. ಎದ್ದು ಬರಬೇಡಿ, ಅಲ್ಲೇ ಕೂತಿರಿ. ನಾನು ನಮ್ಮ ತಾತನ ಹತ್ತಿರ ಕೂರಲಿಲ್ಲ.